ಬೆಟ್ಟದಜ್ಜನನ್ನು ಕೇಳಿ ತೆಗೆದ ಚಿತ್ರಗಳು

ಸೂರ್ಯ ಇನ್ನೂ ವಿಸ್ಕಾಚಾನಿ ಬೆಟ್ಟದ ಹಿಂದೆಯೇ ಇದ್ದಾನೆ. ದಕ್ಷಿಣ ಗೋಳಾರ್ಧದ ಈ ಎತ್ತರದ ಸೀಮೆಯಲ್ಲಿ ಜೂನ್ ಎಂದರೆ ಕಡುಚಳಿ; ಅದಕ್ಕೆ ಕೋತಪಂಪ ಊರಿನ ಮೇಲಿನ ಜೌಗು ಕಲ್ಲಿನಂತೆ ಗಟ್ಟಿಯಾಗಿದೆ. ಹಸಿರು ದಿಂಬುಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಬೆಳೆಯುವ ಇಲ್ಲಿಯ ಗಿಡಗಳು ಕಾಲಿಟ್ಟಲ್ಲೆಲ್ಲ ಚಟಚಟ ಅನ್ನುತ್ತವೆ. ಜೌಗಿನ ನಡುವಿನ ಕೆರೆ ರಾತ್ರಿಯೇ ಹೆಪ್ಪುಗಟ್ಟಿದೆ. ಅದರಲ್ಲಿ ನಿಂತೇ ನಿದ್ದೆಹೋದ ರಾಜಹಂಸಗಳ ಕಾಲುಗಳು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿವೆ. ಆ ಗುಲಾಬಿ ಹಕ್ಕಿಗಳು ಕೊಕ್ಕನ್ನು ರೆಕ್ಕೆಯೊಳಗೆ ತುರುಕಿಕೊಂಡು ಬಿಸಿಲಿನ ದಾರಿ ಕಾಯುತ್ತಿವೆ.

ದಂಡೆಯಲ್ಲಿ ಕುರಿಚರ್ಮದ ಮೇಲೆ ಮೊಣಕಾಲೂರಿ, ಹಕ್ಕಿಗಳಷ್ಟೇ ಅಲುಗಾಡದೆ ಕೂತಿದ್ದಾರೆ ಸೆಬೆರಿನಾ ವರಾಚಿ. ಒಂದರ ಮೇಲೊಂದು ಉಟ್ಟ ನೆರಿಗೆ ಲಂಗಗಳು ಸುತ್ತಲೂ ಗುಡಾರದಂತೆ ಹರಡಿವೆ. ಕ್ಯಾಮೆರಾ ತೊಡೆಯ ಮೇಲಿದೆ. ಅದರ ಬ್ಯಾಟರಿ ಮಾತ್ರ ಶಾಲಿನೊಳಗೆ, ಎದೆಯ ಬಿಸಿಗೆ ಒತ್ತಿಕೊಂಡಿದೆ; ಹೊರಗಿಟ್ಟರೆ ಈ ಚಳಿಗೆ ಅದು ಜೀವ ಬಿಡುತ್ತದೆ. ಬೆಟ್ಟದ ಹೆಗಲ ಮೇಲೆ ಮೊದಲ ಬೆಳಕು ಕಾಣಿಸಿದ್ದೇ ಅವರು ಬ್ಯಾಟರಿ ಹಾಕುತ್ತಾರೆ. ತಲೆಯ ಮೇಲಿನ ದುಂಡು ಟೋಪಿಯನ್ನು ಲೆನ್ಸಿನ ಪಕ್ಕಕ್ಕೆ ಹಿಡಿದು ಅಡ್ಡಬಿಸಿಲಿಗೆ ಮರೆ ಮಾಡುತ್ತಾರೆ. ಕೆರೆಯಲ್ಲಿ ಎಲ್ಲೋ ಮಂಜುಗಡ್ಡೆ ಟಪ್ಪೆಂದು ಬಿರಿಯುತ್ತದೆ. ಒಂದು ಹಕ್ಕಿ ಬಿಡುಗಡೆಯಾದ ಕಾಲನ್ನು ಮೆಲ್ಲಗೆ ಎತ್ತಿ, ಇದು ತನ್ನದೇ ಹೌದೋ ಅಲ್ಲವೋ ಎಂಬಂತೆ ನೋಡಿ, ಮತ್ತೆ ಊರುತ್ತದೆ. ಕ್ಯಾಮೆರಾ ಒಂದೇ ಒಂದು ಸಲ ಸದ್ದು ಮಾಡುತ್ತದೆ.

"ಈಗ ಎದ್ದು ಹತ್ರ ಹೋದ್ರೆ ಹೆದರ್ಕೊಂಡು ಹಾರೋಕೆ ನೋಡ್ತಾವೆ, ಕಾಲು ಮುರ್ಕೊಳ್ತಾವೆ," ಎಂದು ಪಿಸುಗುಡುತ್ತಾರೆ ಸೆಬೆರಿನಾ. "ಎಲ್ಲವೂ ಬಿಡಿಸ್ಕೊಳ್ಳೋ ತನಕ ನಾನೂ ಏಳಲ್ಲ. ಅವುಗಳ ಜೊತೆ ನನ್ನ ಮೊಣಕಾಲೂ ಹೆಪ್ಪುಗಟ್ಟುತ್ತೆ, ಜೊತೇಲೇ ಕರಗುತ್ತೆ."

ಹಕ್ಕಿಗಳೆಲ್ಲ ನೀರಿಗೆ ಕೊಕ್ಕು ಹಾಕಿದ ಮೇಲೆ ಅವರು ಕ್ಯಾಮೆರಾವನ್ನು ಪಟ್ಟೆಪಟ್ಟೆಯ ನೇಯ್ಗೆ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಈ ಸೀಮೆಯ ತಾಯಂದಿರು ಕೂಸನ್ನು ಹೊರುವುದು ಹೀಗೆಯೇ. ಹೊರಊರಿನವರು ದಾರಿಯಲ್ಲಿ ಎದುರಾದರೆ "ಗಂಡಾ, ಹೆಣ್ಣಾ?" ಎಂದು ಕೇಳುವುದುಂಟು. "ಒಕ್ಕಣ್ಣಿನ ಕೂಸು ಕಣಣ್ಣ, ಚಳಿಗಾಳಿ ಆಗಲ್ಲ ಅದಕ್ಕೆ," ಅಂದು ಸೆಬೆರಿನಾ ನಡೆದುಬಿಡುತ್ತಾರೆ.

ಊರಿಗಿಳಿದರೆ ಅವರ ಹಗಲಿನ ಕೆಲಸ ಕಾಯುತ್ತಿರುತ್ತದೆ. ಕೋತಪಂಪದ ಚೌಕದ ಮೂಲೆಯಲ್ಲಿ, ಮಣ್ಣಿಟ್ಟಿಗೆಯ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೊ. ಗುರುತಿನ ಚೀಟಿಯ ಫೋಟೊ, ಮದುವೆಯ ಫೋಟೊ, ಶಾಲೆ ಮುಗಿಸಿದ ಮಕ್ಕಳ ಫೋಟೊ, ಸತ್ತವರ ಹಳೆಯ ಚಿತ್ರವನ್ನು ದೊಡ್ಡದು ಮಾಡಿಕೊಡುವುದು, ಎಲ್ಲವೂ ಇಲ್ಲೇ. ಈ ವಿದ್ಯೆ ಅಪ್ಪನಿಂದ ಬಂದದ್ದು. ಅವರಪ್ಪ ಮರದ ಪೆಟ್ಟಿಗೆ ಕ್ಯಾಮೆರಾ ಹೊತ್ತು ಗಣಿಯೂರುಗಳ ಚೌಕಗಳಲ್ಲಿ ನಿಲ್ಲುತ್ತಿದ್ದ ಫೋಟೊಗ್ರಾಫರ್. ಕ್ಯಾಮೆರಾಕ್ಕೆ ಮುಸುಕು ಹಾಕುವ ಕಪ್ಪು ಬಟ್ಟೆಯ ಅಂಚು ಹಿಡಿದುಕೊಳ್ಳುವುದು ಮಗಳ ಕೆಲಸವಾಗಿತ್ತು. ಮದುವೆಯಾಗಿ ಈ ಊರಿಗೆ ಬಂದಾಗ ಅಪ್ಪ ಕೊಟ್ಟು ಕಳಿಸಿದ್ದು ಫೋಟೊ ತೆಗೆಸಿಕೊಳ್ಳುವವರ ಬೆನ್ನ ಹಿಂದೆ ಕಟ್ಟುವ ಒಂದು ಪರದೆ. ಅದರ ಮೇಲೆ ನೀಲಿ ಕೊಳ, ಅದರಲ್ಲಿ ಎರಡು ಬಿಳಿ ಹಂಸ, ದಂಡೆಯಲ್ಲಿ ತೆಂಗಿನಂಥ ಮರಗಳು.

"ಇಲ್ಲಿ ಮರ ಅಂತ ಒಂದಾದ್ರೂ ಇದ್ಯಾ ನೋಡಿ! ಆ ಬಿಳಿ ಹಕ್ಕಿನ ಈ ಊರಲ್ಲಿ ಯಾರೂ ಕಂಡೋರಿಲ್ಲ," ಎಂದು ಸೆಬೆರಿನಾ ನಗುತ್ತಾರೆ. "ನಮ್ಮ ಕೆರೆ ಮೇಲೇ ಇದೆ, ಗುಲಾಬಿ ಹಕ್ಕಿ ತುಂಬ್ಕೊಂಡು. ನಮ್ಮ ಜನ ಮಾತ್ರ ಸುಳ್ಳು ಕೆರೆ ಮುಂದೆ ಎದೆಯುಬ್ಬಿಸಿ ನಿಲ್ತಾರೆ. ಒಂದು ನಿಜವಾದ ಪರದೆ ಮಾಡೋಣ ಅನ್ನಿಸ್ತು."

ಪರದೆಗೆಂದು ಕೆರೆಯ ಚಿತ್ರ ತೆಗೆಯಲು ಮೇಲೆ ಹತ್ತಿದವರಿಗೆ ಕೆರೆಯನ್ನಷ್ಟೇ ತೆಗೆದು ಇಳಿದು ಬರಲಾಗಲಿಲ್ಲ. ಜೋಡಿ ಬಾತುಗಳು ಚೌಕಟ್ಟಿನೊಳಗೆ ಬಂದವು. ಬಂಡೆಯ ಮೇಲೆ ವಿಸ್ಕಾಚಾ ಮುದುಕಪ್ಪನಂತೆ ಕಣ್ಣುಮುಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಮೊಲದ ಕಿವಿ, ಅಳಿಲಿನ ಬಾಲ ಇರುವ ಆ ಪ್ರಾಣಿಯ ಮೀಸೆಯ ಮೇಲೆ ಮಂಜಿನ ಹನಿ ಕೂತಿತ್ತು. ಮರುದಿನ ಮತ್ತೆ ಹೋದರು. ಅದಾಗಿ ಹದಿನೆಂಟು ವರ್ಷ. ಪರದೆ ಇವತ್ತಿಗೂ ಹಳೆಯದೇ.

ಬರೀ ಕಾದು ಕೂರುವ ಕೆಲಸ ಇದು ಎಂದು ತಿಳಿದರೆ ತಪ್ಪು. ಮಳೆಗಾಲದ ಜೌಗು ಮೇಲೆ ಹಸಿರು, ಕೆಳಗೆ ಬಾಯಿ. ಒಮ್ಮೆ ಇಬಿಸ್ ಹಕ್ಕಿಯ ಹಿಂದೆ ಹೋಗಿ ಎದೆಮಟ್ಟ ಹೂತುಕೊಂಡರು. ನೆಂದ ಲಂಗಗಳು ಸತ್ತ ಕುರಿಗಳಂತೆ ಕೆಳಕ್ಕೆಳೆಯುತ್ತಿದ್ದವು. ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಡಿದು ಕೂಗಿದರೂ ಕೇಳುವವರಿಲ್ಲ. ಕೊನೆಗೆ ಲಂಗಗಳ ಲಾಡಿ ಬಿಚ್ಚಿ, ಒಂದೊಂದಾಗಿ ಕೆಸರಿಗೇ ಬಿಟ್ಟುಕೊಟ್ಟು, ಒಳಲಂಗದಲ್ಲಿ ತೆವಳಿಕೊಂಡು ಹೊರಬಂದರು. ಬಾಗಿಲಲ್ಲಿ ಅವರನ್ನು ಕಂಡ ಗಂಡ ಫೌಸ್ತೊ ಒಂದು ಗಳಿಗೆ ಬಾಯಿಬಿಟ್ಟುಕೊಂಡು ನಿಂತು, "ಕ್ಯಾಮೆರಾ ನೆಂದಿಲ್ಲ ತಾನೇ?" ಎಂದು ಕೇಳಿದರಂತೆ.

"ಅದನ್ನೇ ಮೊದ್ಲು ಕೇಳದೇ ಇದ್ರೆ ಇವಳು ನನ್ನನ್ನೇ ಮನೆಯಿಂದ ಹೊರಗೆ ಹಾಕ್ತಿದ್ಲು," ಅನ್ನುತ್ತಾರೆ ಫೌಸ್ತೊ. ಊರಿಂದ ಪೇಟೆಗೆ ಮಿನಿಬಸ್ ಓಡಿಸುವ ಅವರದು ಮಾತಿಗಿಂತ ನಗುವೇ ಮುಂದೆ.

ಊರಿನವರಿಗೆ ಸೆಬೆರಿನಾ ಅವರ ಹುಚ್ಚು ಬಹುಕಾಲ ತಮಾಷೆಯ ವಸ್ತುವಾಗಿತ್ತು. ಬೆಳಗ್ಗೆ ಗೂನಿಲ್ಲದ ಪುಟ್ಟ ಒಂಟೆಯಂಥ ಲಾಮಾಗಳನ್ನು ಮೇಯಲು ಹೊಡೆದುಕೊಂಡು ಹೋಗುವವರು, "ಏನಕ್ಕಾ, ಇವತ್ತು ಬಾತುಗಳಿಗೆ ಗುರುತಿನ ಚೀಟಿನಾ? ಎದುರು ನೋಡಿ ಕೂತ್ಕೊಳ್ತಾವಾ?" ಎನ್ನುವರು. "ನಿಮಗಿಂತ ಚೆನ್ನಾಗಿ ಕೂತ್ಕೊಳ್ತಾವೆ. ರೆಪ್ಪೆ ಬಡಿಯಲ್ಲ," ಎಂದು ಇವರು ತಿರುಗಿ ಕೊಡುವರು. ಆ ತಮಾಷೆ ಒಂದು ಮಳೆಗಾಲದಲ್ಲಿ ನಿಂತುಹೋಯಿತು.

ಏಳು ವರ್ಷದ ಹಿಂದಿನ ಮಾತು. ಬೆಟ್ಟದ ಪಕ್ಕೆಯ ಹುಲ್ಲಿನಲ್ಲಿ ಅಡಗಿ ಕೂತಿದ್ದ ಸೆಬೆರಿನಾ ಅವರ ಎದುರಿಗೇ ವಿಕುನ್ಯಾವೊಂದು ಹಿಂಡಿನಿಂದ ಸರಿದು ಬಂದು ನಿಂತಿತು. ವಿಕುನ್ಯಾ ಅಂದರೆ ಲಾಮಾದ ಕಾಡುತಂಗಿ. ಮನುಷ್ಯರ ನೆರಳು ಕಂಡರೆ ಸಾಕು, ಗಾಳಿಯಂತೆ ಓಟ. ಅದು ಅಲ್ಲೇ ನಿಂತು ಮರಿ ಹಾಕಿತು. ಸೆಬೆರಿನಾ ಉಸಿರು ಬಿಗಿಹಿಡಿದು ಎಲ್ಲವನ್ನೂ ತೆಗೆದರು. ಪೇಟೆಯಲ್ಲಿ ಒಂದು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತಂದು, ಸ್ಟುಡಿಯೊದ ಕಿಟಕಿಯಲ್ಲಿ ತೂಗುಹಾಕಿದರು. ಜೀವಮಾನದಲ್ಲೇ ಅಂಥ ಚಿತ್ರ ತೆಗೆದಿರಲಿಲ್ಲ. ಸಂತೆಗೆ ಬಂದವರೆಲ್ಲ ಕಿಟಕಿಯ ಮುಂದೆ ನಿಂತು ನೋಡಿ ಹೋದರು.

ಆ ವಾರವೇ ಗುಡುಗು ಮಳೆ ಬಂತು. ಬೆಟ್ಟದ ಬುಡದಲ್ಲಿದ್ದ ಬಾಸಿಲಿಯಾ ಅಜ್ಜಿಯ ದೊಡ್ಡಿಗೆ ಸಿಡಿಲು ಬಡಿದು, ಕಲ್ಲುಗೋಡೆಗೆ ಒತ್ತಿಕೊಂಡು ನಿಂತಿದ್ದ ಲಾಮಾಗಳು ನಿಂತಲ್ಲೇ ಸತ್ತವು. ಗಬ್ಬದ ಲಾಮಾಗಳೂ ಅದರಲ್ಲಿದ್ದವು.

ಕೋತಪಂಪದಲ್ಲಿ ಸಿಡಿಲು ಸುಮ್ಮನೆ ಬಡಿಯುವುದಿಲ್ಲ. ವಿಸ್ಕಾಚಾನಿ ಬೆಟ್ಟ ಈ ಊರಿಗೆ ಅಜ್ಜ. ಲಾಮಾ ಮನುಷ್ಯರ ಹಿಂಡಾದರೆ ವಿಕುನ್ಯಾ ಅಜ್ಜನ ಹಿಂಡು, ನರಿ ಅವನ ನಾಯಿ. ಅಜ್ಜನಿಗೆ ಸಿಟ್ಟು ಬಂದಿದೆ ಎಂದ ಮೇಲೆ ಸಿಟ್ಟು ಬರಿಸಿದವರು ಯಾರೋ ಇರಲೇಬೇಕು. ಊರ ಸಭೆ ಸೇರಿತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ನೆಲದ ಮೇಲೆ, ನಡುವೆ ಎಲ್ಲರೂ ಜಗಿಯಲು ಕೋಕಾ ಎಲೆಯ ಗಂಟು. ಮೊದಲು ಎದ್ದವರು ಬಾಸಿಲಿಯಾ ಅಜ್ಜಿಯೇ.

"ಸೆಬೆರಿನಾ, ನೀನು ಹೆರೋ ಹೊತ್ತಲ್ಲಿ ಯಾರಾದ್ರೂ ನಿನ್ನ ಮನೆ ಬಾಗಿಲು ಸರಿಸಿ ಇಣುಕಿದ್ರೆ ಸುಮ್ನಿರ್ತಿದ್ಯೇನೇ? ಇಣುಕಿದ್ದಲ್ದೆ ತಂದು ಬೀದಿಗೆ ನೇತುಹಾಕಿದ್ದೀಯ! ಅಜ್ಜನ ಮನೆ ಹೆಣ್ಣುಮಗಳು ಅದು!"

ಫೌಸ್ತೊ ಎದ್ದು, "ಸಿಡಿಲು ಕ್ಯಾಮೆರಾ ನೋಡ್ಕೊಂಡು ಬಡಿಯುತ್ತಾ ಅಜ್ಜಿ? ಹಾಗಿದ್ರೆ ನಮ್ಮ ಮನೆಗೆ ಬಡೀಬೇಕಿತ್ತು," ಎಂದರು. ಸೆಬೆರಿನಾ ಗಂಡನ ಅಂಗಿ ಹಿಡಿದೆಳೆದು ಕೂರಿಸಿದರು.

ಊರಹಿರಿಯ ತಿಯೋಡೋರೊ ತೀರ್ಮಾನ ಹೇಳಿದರು. "ಕ್ಯಾಮೆರಾ ಒಡೆದ್ಹಾಕು ಅಂತ ಯಾರೂ ಹೇಳ್ತಿಲ್ಲಮ್ಮ. ಅದು ನಿನ್ನ ಹೊಟ್ಟೆಪಾಡು. ಮನುಷ್ಯರ ಫೋಟೊ ತೆಗಿ. ಜೌಗಿಗೆ, ಬೆಟ್ಟಕ್ಕೆ ಮಾತ್ರ ಅದನ್ನ ತಗೊಂಡು ಹತ್ಬೇಡ."

ಸೆಬೆರಿನಾ ಎದುರಾಡಲಿಲ್ಲ. ಮನೆಗೆ ಬಂದು ಕಿಟಕಿಯ ಚಿತ್ರವನ್ನು ಇಳಿಸಿ, ಸುರುಳಿ ಸುತ್ತಿ, ಹಾಸಿಗೆಯ ಕೆಳಗಿಟ್ಟರು. ಹೆದರಿ ಸುಮ್ಮನಾದಿರಾ ಎಂದು ಕೇಳಿದರೆ ಅವರು ಹೇಳುವುದು ಹೀಗೆ:

"ಸಿಡಿಲು ನನ್ನಿಂದ ಬಿತ್ತು ಅಂತ ನಾನು ಒಪ್ಪಿರ್ಲಿಲ್ಲ. ಬಿದ್ದಿಲ್ಲ ಅಂತ ಹೇಳೋ ಧೈರ್ಯಾನೂ ಇರ್ಲಿಲ್ಲ. ಆದ್ರೆ ಆ ರಾತ್ರಿ ಒಂದು ಮಾತು ಕೊರೀತು. ನನ್ನ ಅಂಗಡಿಗೆ ಬಂದು ಕೂತೋರನ್ನೂ ನಾನು 'ತೆಗೀಲಾ?' ಅಂತ ಕೇಳೇ ತೆಗಿಯೋದು. ಹಾಲುಗೂಸಾದ್ರೆ ಅವರಮ್ಮನ್ನ ಕೇಳ್ತೀನಿ. ಅಪ್ಪ ಕಲಿಸಿದ್ದು ಅದು. ಬೆಟ್ಟಕ್ಕೆ ಅಷ್ಟು ವರ್ಷ ಹೋದೆ, ಒಂದಿನಾನೂ ಕೇಳಿರ್ಲಿಲ್ಲ. ಅಜ್ಜಿ ಬೈದ ರೀತಿ ಕೆಟ್ಟದಿರಬಹುದು, ಮಾತು ಸರಿಯಾಗಿತ್ತು."

ಎರಡು ಮಳೆಗಾಲ ಅವರು ಮೇಲೆ ಹತ್ತಲಿಲ್ಲ. ಮದುಮಕ್ಕಳನ್ನು ಸುಳ್ಳು ಕೆರೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುವಾಗ ಮನೆಯ ಮೇಲೆ ಬಾತುಗಳು ಕೂಗುತ್ತ ಹಾದರೆ ಬೆರಳು ಹಾಗೇ ನಿಂತುಬಿಡುತ್ತಿತ್ತು. "ಅಕ್ಕಾ, ನಗೋದಾ ಬೇಡ್ವಾ ಹೇಳು, ಕೆನ್ನೆ ನೋಯ್ತಿದೆ," ಎಂದು ಮದುಮಗ ಗೊಣಗುವನು. ಫೌಸ್ತೊ ಬಸ್ಸಿಂದಿಳಿದು "ಇವತ್ತು ರಸ್ತೆ ಪಕ್ಕದಲ್ಲೇ ಒಂದು ಹಿಂಡು..." ಎಂದು ಶುರುಮಾಡಿ, ಹೆಂಡತಿಯ ಮುಖ ಕಂಡು ನಾಲಿಗೆ ಕಚ್ಚಿಕೊಳ್ಳುವರು. ಗದರಿಸಿದವರ ಮೇಲೆ ಸಿಟ್ಟಿತ್ತೇ ಎಂದರೆ, "ಸಿಟ್ಟಿಗಿಂತ ನಾಚಿಕೆ. ಎದುರಿಗೆ ಅಜ್ಜಿ ಬಂದ್ರೆ ಬೀದಿ ಬದಲಾಯಿಸ್ತಿದ್ದೆ," ಎಂದು ಒಪ್ಪಿಕೊಳ್ಳುತ್ತಾರೆ.

ಆ ಅಜ್ಜಿಯೇ ಒಂದು ಮಧ್ಯಾಹ್ನ ಗೋಡೆ ತಡವಿಕೊಂಡು ಸ್ಟುಡಿಯೊದೊಳಕ್ಕೆ ಬಂದರು. ಹಿಮದ ಬಿಸಿಲಿನಲ್ಲಿ ಜೀವಮಾನವೆಲ್ಲ ಲಾಮಾ ಕಾಯ್ದ ಕಣ್ಣುಗಳಿಗೆ ಪೊರೆ ಬಂದಿತ್ತು. ಪೇಟೆಯ ಆಸ್ಪತ್ರೆಗೆ ಹೋಗಬೇಕು, ಅದಕ್ಕೆ ಹೊಸ ಗುರುತಿನ ಚೀಟಿ ಬೇಕು, ಚೀಟಿಗೆ ಫೋಟೊ ಬೇಕು. ಸೆಬೆರಿನಾ ಅವರನ್ನು ಕೂರಿಸಿ, ಜಡೆ ಸರಿಮಾಡಿ, "ತೆಗೀಲಾ ಅಜ್ಜಿ?" ಎಂದರು. ತೆಗೆದದ್ದಾಯಿತು. ಅಜ್ಜಿ ಏಳಲಿಲ್ಲ.

"ಆ ಚಿತ್ರ ಇದ್ಯೇನೇ ಇನ್ನೂ?"

"ಯಾವುದಜ್ಜಿ?"

"ನಾಟಕ ಆಡ್ಬೇಡ. ವಿಕುನ್ಯಾದ್ದು."

"ಮತ್ತೆ ಬೈಯೋಕಾ?"

"ಬೈಯೋದಾದ್ರೂ ನೋಡಿ ಬೈಬೇಕು. ಅವತ್ತು ನೋಡ್ದೇನೇ ಬೈದಿದ್ದೆ. ಇನ್ನು ಸ್ವಲ್ಪ ದಿನ ಹೋದ್ರೆ ನೋಡೋಕೂ ಆಗಲ್ಲ."

ಸೆಬೆರಿನಾ ಹಾಸಿಗೆ ಎತ್ತಿ ಸುರುಳಿ ತಂದರು. ಅಜ್ಜಿ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಕತ್ತು ವಾರೆ ಮಾಡಿ, ಉಳಿದಿದ್ದ ಒಂದು ಚೂರು ದೃಷ್ಟಿಯಲ್ಲಿ, ಗದ್ದೆಯಲ್ಲಿ ಬಿದ್ದ ಕಾಳು ಆರಿಸುವವರಂತೆ ಆ ಚಿತ್ರದ ಮೇಲೆ ಅಂಗುಲ ಅಂಗುಲವಾಗಿ ಸರಿದರು.

"ಇದೇನು, ಮಿಂಚ್ತಿರೋದು?"

"ಮರಿ ಕಿವಿ. ಇನ್ನೂ ಒದ್ದೆ."

"ತಾಯಿ ಎಲ್ಲಿ? ಹಾಂ. ಮೂಸ್ತಿದ್ದಾಳೆ. ನಮ್ಮ ಲಾಮಾ ಹಾಗೇ ಕಣೇ, ನೆಕ್ಕಲ್ಲ ನೋಡು. ಮೂಸೋದು, ಹೂಂ ಹೂಂ ಅಂತ ಮಾತಾಡಿಸೋದು."

"ಮಾತಾಡಿಸ್ತಿದ್ಲು ಅಜ್ಜಿ. ನಂಗೆ ಕೇಳಿಸ್ತಿತ್ತು."

ಅಜ್ಜಿ ಚಿತ್ರವನ್ನು ಮಡಿಲಿಗಿಳಿಸಿದರು. "ನಡೆಯೋಕೆ ಕಲಿತಾಗಿಂದ ಆ ಬೆಟ್ಟದಲ್ಲಿ ಮೇಯಿಸ್ದೆ. ಇವು ನನ್ನ ಕಂಡ್ರೆ ಧೂಳೆಬ್ಬಿಸ್ಕೊಂಡು ಓಡೋವು. ಬೆನ್ನು ಬಿಟ್ರೆ ಏನೂ ತೋರಿಸಿರ್ಲಿಲ್ಲ. ಮುಖ ಹಿಂಗಿರುತ್ತೆ ಅಂತ ಇವತ್ತು ನೋಡ್ದೆ." ಚಿತ್ರದ ಮರಿಯ ಮೇಲೆ ಬೆರಳಾಡಿಸುತ್ತ, "ನನ್ನ ಗಬ್ಬದ ಲಾಮಾಗಳು ಹೋದ್ವಲ್ಲ, ಅವುಗಳ ಮರೀನೂ ಹಿಂಗೇ ಇರ್ತಿದ್ವು," ಅಂದರು. ಇಬ್ಬರೂ ಅತ್ತರು. ಯಾರು ಮೊದಲು ಅತ್ತದ್ದು ಎಂಬುದರಲ್ಲಿ ಇಬ್ಬರಿಗೂ ಇವತ್ತಿಗೂ ಒಮ್ಮತವಿಲ್ಲ.

ಮುಂದಿನ ಸಭೆಯಲ್ಲಿ ಬಾಸಿಲಿಯಾ ಅಜ್ಜಿ ಮತ್ತೆ ಎದ್ದರು. "ತಪ್ಪು ನೋಡಿದ್ದಲ್ಲ, ಕೇಳದೆ ನೋಡಿದ್ದು. ಹೋಗಿ ಕೇಳ್ಲಿ. ಅಜ್ಜ ಬೇಡ ಅಂದ್ರೆ ಬೇಡ, ಹೂಂ ಅಂದ್ರೆ ನಡುವೆ ನಾವ್ಯಾರು?"

"ಅಜ್ಜಿ, ಸತ್ತಿದ್ದು ನಿನ್ನ ಲಾಮಾಗಳು!" ಎಂದು ಬೆಂಚಿನಿಂದ ಯಾರೋ ಕೂಗಿದರು.

"ನಂಗೊತ್ತಿಲ್ವೇನೋ? ನೀನು ಬಂದು ನೆನಪಿಸ್ಬೇಕಾ? ಕೂತ್ಕೊ!"

ಆಗಸ್ಟ್‌ನಲ್ಲಿ, ಭೂಮಿ ಬಾಯಿ ತೆರೆದು ಹಸಿದಿರುತ್ತಾಳೆ ಎಂದು ಇಲ್ಲಿಯವರು ನಂಬುವ ತಿಂಗಳಲ್ಲಿ, ಊರವರು ಬೆಟ್ಟದ ಪಕ್ಕೆಗೆ ಹತ್ತಿದರು. ತಿಯೋಡೋರೊ ನೆಲಕ್ಕೆ ಮದ್ಯ ಚಿಮುಕಿಸಿ, ಲಾಮಾ ಕೊಬ್ಬು, ಸಿಹಿ, ಬಣ್ಣದ ಉಣ್ಣೆ ಇಟ್ಟು ಬೆಂಕಿ ಹೊತ್ತಿಸಿದರು. ಸೆಬೆರಿನಾ ಕ್ಯಾಮೆರಾವನ್ನು ನೆಲಕ್ಕಿಟ್ಟು, ಟೋಪಿ ತೆಗೆದು, ಸ್ಟುಡಿಯೊದಲ್ಲಿ ಕೇಳುವ ಅದೇ ದನಿಯಲ್ಲಿ ಬೆಟ್ಟವನ್ನು ಕೇಳಿದರು: "ತೆಗೀಲಾ ಅಜ್ಜಾ?" ಬಟ್ಟೆಯ ಮೇಲೆ ತೂರಿದ ಕೋಕಾ ಎಲೆಗಳಲ್ಲಿ ಹೆಚ್ಚಿನವು, ಒಪ್ಪಿಗೆಯ ಗುರುತಾಗಿ, ಹಸಿರು ಮುಖ ಮೇಲಾಗಿ ಬಿದ್ದವು. "ಹೂಂ ಅಂದ. ಆದ್ರೆ ಪೂರ್ತಿ ಮನಸ್ಸಿಂದಲ್ಲ," ಎಂದು ಎಲೆ ನೋಡಿ ಹೇಳಿದರು ತಿಯೋಡೋರೊ. ಹಾಗಾಗಿ ಊರು ಎರಡು ಷರತ್ತು ಹಾಕಿತು. ಹೆರಿಗೆಯ ಚಿತ್ರ ಕೂಡದು. ತೆಗೆದದ್ದನ್ನು ಮೊದಲು ನೋಡಬೇಕಾದವರು ಊರಿನವರು, ಹೊರಗಿನವರು ಆಮೇಲೆ.

ಅಜ್ಜಿಯ ಶಸ್ತ್ರಚಿಕಿತ್ಸೆ ಅಂದುಕೊಂಡಂತೆ ಆಗಲಿಲ್ಲ. ಒಂದು ಕಣ್ಣಿಗೆ ಕಾಲ ಮೀರಿತ್ತು. ಇನ್ನೊಂದರಲ್ಲಿ ಕಾಣುವುದು ಮೂಗಿನ ತುದಿಯಷ್ಟು ದೂರ ಮಾತ್ರ. ಸಿಡಿಲಿಗೆ ಸಿಗದೆ ಉಳಿದ ಲಾಮಾಗಳು ಈಗ ತಂಗಿಯ ಮನೆಯಲ್ಲಿವೆ, ಬೆಟ್ಟ ಅವರ ಪಾಲಿಗೆ ಬೂದು ಗೋಡೆ. ಭಾನುವಾರ ಸಂತೆಯ ಗದ್ದಲ ಮುಗಿದ ಮೇಲೆ ಅವರು ಸ್ಟುಡಿಯೊಕ್ಕೆ ಬಂದು, ಮದುಮಕ್ಕಳು ಕೂರುವ ಕುರ್ಚಿಯಲ್ಲಿ ಕೂರುತ್ತಾರೆ. ಸೆಬೆರಿನಾ ಆ ವಾರದ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಕೈಗಿಡುತ್ತಾರೆ. ಹೊಗಳಿಕೆಯ ಸುಳಿವಿಲ್ಲ. "ಈ ಬಾತಿನ ಕಾಲೆಲ್ಲಿ? ತಿಂದ್ಯಾ?" "ಇಷ್ಟು ಆಕಾಶ ಯಾಕೆ? ಆಕಾಶ ನಂಗೆ ಗೊತ್ತು, ಹುಲ್ಲು ತೋರ್ಸು." ಸೆಬೆರಿನಾ ಚಿತ್ರ ತೆಗೆಯುವ ರೀತಿಯೇ ಬದಲಾಗಿದೆ. ಮೊದಲು ಬೆಟ್ಟ, ಮೋಡ, ಸಂಜೆಗೆಂಪು ಎಂದು ಓಡುತ್ತಿದ್ದವರು ಈಗ ಹುಲ್ಲಿನ ಮಟ್ಟಕ್ಕೆ ಬಗ್ಗಿ, ಗೊರಸಿನ ಗುರುತು, ಗೂಡಿನ ಗರಿ, ಮಂಜು ಕರಗುವ ಪಾಚಿಯ ಅಂಚು ಎಂದು ಹುಡುಕುತ್ತಾರೆ.

ಹೋದ ಮಾರ್ಚ್‌ನಲ್ಲಿ ಒಂದು ಬೆಳಗ್ಗೆ ಅವರು ಬಂಡೆಯ ಮರೆಯಲ್ಲಿ ಕೂತಿದ್ದಾಗ ಒಂಟಿ ವಿಕುನ್ಯಾ ಬಂದು ನಿಂತಿತು, ಹೊಟ್ಟೆ ಕೆಳಗಿಳಿದಿತ್ತು, ಬಾಲ ಎತ್ತಿತ್ತು. ಹಿಂದಿನದಕ್ಕಿಂತ ಹತ್ತಿರ, ಹಿಂದಿನದಕ್ಕಿಂತ ಒಳ್ಳೆಯ ಬೆಳಕು. ಸುತ್ತ ಒಂದು ನರಪಿಳ್ಳೆಯಿಲ್ಲ. ಸೆಬೆರಿನಾ ಟೋಪಿ ತೆಗೆದು ಲೆನ್ಸಿನ ಮೇಲೆ ಮುಚ್ಚಿದರು.

"ಸುಳ್ಳು ಯಾಕೆ ಹೇಳ್ಲಿ, ಒಂದ್ಸಲ ಟೋಪಿ ಎತ್ತಿದ್ದೂ ಹೌದು. ಮತ್ತೆ ಮುಚ್ಚಿದೆ. ಬರೀ ಕಣ್ಣಲ್ಲಿ ನೋಡ್ದೆ. ಕ್ಯಾಮೆರಾ ಇಲ್ದೆ ಏನನ್ನಾದ್ರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದ್ಲು."

ಆ ಭಾನುವಾರ ಅಜ್ಜಿಗೆ ವಿಷಯ ಹೇಳಿದರು.

"ಚಿತ್ರ ಎಲ್ಲಿ?" ಎಂದು ಅಜ್ಜಿ ಕೈ ಚಾಚಿದರು.

"ತೆಗೀಲಿಲ್ಲ ಅಜ್ಜಿ. ಮಾತು ಕೊಟ್ಟಿದ್ನಲ್ಲ."

"ಪೆದ್ದಿ," ಅಂದರು ಅಜ್ಜಿ. ಚಾಚಿದ ಕೈಯನ್ನು ಸೆಬೆರಿನಾ ಅವರ ಮೊಣಕಾಲ ಮೇಲಿಟ್ಟು, ಕಣ್ಣು ಮುಚ್ಚಿ ಹಿಂದಕ್ಕೊರಗಿದರು. "ಹೂಂ, ಹೇಳು ಹಾಗಾದ್ರೆ. ಮೊದ್ಲು ಮೂತಿ ಬಂತಾ, ಕಾಲು ಬಂತಾ?"

ಸೆಬೆರಿನಾ ಮಾತಿನವರಲ್ಲ. ಆದರೂ ಹೇಳಿದರು. ಮೂತಿ ಮತ್ತು ಮುಂಗಾಲು ಒಟ್ಟಿಗೇ ಬಂದದ್ದು, ತಾಯಿ ಎರಡು ಹೆಜ್ಜೆ ನಡೆದು ನಿಂತದ್ದು, ಮರಿ ನೆಲಕ್ಕೆ ಬಿದ್ದ ಸದ್ದು ಒದ್ದೆ ಬಟ್ಟೆ ಬಿದ್ದಂತಿದ್ದದ್ದು, ಮೇಲೆ ಹದ್ದಿನ ನೆರಳು ಹಾದಾಗ ತಾಯಿ ಮರಿಯ ಮೇಲೆ ಅಡ್ಡ ನಿಂತದ್ದು, ಮರಿ ಎದ್ದು ಬಿದ್ದು ಎದ್ದದ್ದು. ಅಜ್ಜಿ ನಡುನಡುವೆ ತಡೆದು ಕೇಳುತ್ತಿದ್ದರು. ಸಂತೆಗೆ ಬಂದಿದ್ದ ಹೆಂಗಸರು ಬಾಗಿಲಲ್ಲಿ ನಿಂತು, ಒಬ್ಬೊಬ್ಬರಾಗಿ ಒಳಬಂದು ನೆಲದ ಮೇಲೆ ಕೂತರು. ಬಸ್ಸು ಹೊರಡುವ ಹೊತ್ತು ಮೀರಿದರೂ ಫೌಸ್ತೊ ಹಾರ್ನ್ ಹೊಡೆಯಲಿಲ್ಲ. ಕಿಟಕಿಯ ಹೊರಗೆ ನಿಂತು ಅವರೂ ಕೇಳುತ್ತಿದ್ದರು.

"ಇದು ಫೋಟೊಗಿಂತ ಚೆನ್ನಾಗಿದೆ," ಎಂದು ಕೊನೆಗೆ ಅಜ್ಜಿ ತೀರ್ಪು ಕೊಟ್ಟರು.

"ನಂಗೆ ಸ್ವಲ್ಪ ಬೇಜಾರೇ ಆಯ್ತು," ಎಂದು ಸೆಬೆರಿನಾ ಈಗ ನಗುತ್ತಾರೆ. "ಇಷ್ಟು ವರ್ಷ ಕೆಸರಲ್ಲಿ ಬಿದ್ದೆದ್ದು ಫೋಟೊ ತೆಗೆದಿದ್ದೀನಿ."

ಪೇಟೆಯವರು ಒಂದೆರಡು ಸಲ ಅವರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಗಾಜಿನ ಚೌಕಟ್ಟು, ಬಿಳಿಗೋಡೆ, ಮೆಲ್ಲಗೆ ಮಾತಾಡುವ ಜನ. ಎಲ್ಲರೂ ಅದ್ಭುತ ಎಂದರಂತೆ. ಅದನ್ನು ಹೇಳುವಾಗ ಸೆಬೆರಿನಾ ಅವರ ಮುಖದಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಅವರು ಆಸೆಪಡುವುದು ಊರ ಸಭಾಮನೆಯ ಗೋಡೆಯನ್ನು. ಅಲ್ಲಿ ಸುಣ್ಣ ಬಳಿದರೆ ಒಂದು ಸಾಲು ಚಿತ್ರ ಹಾಕಬೇಕು, ಅಜ್ಜಿಯ ಮೂಗಿಗೆ ಎಟಕುವ ಎತ್ತರದಲ್ಲಿ. ಸಭೆಯಲ್ಲಿ ಇದನ್ನು ಇನ್ನೂ ಕೇಳಿಲ್ಲ, ಕೇಳಬೇಕು.

"ನಮ್ಮೂರಲ್ಲಿ ನನ್ನ ಫೋಟೊ ನೋಡಿ ಯಾರೂ ಚೆನ್ನಾಗಿದೆ ಅನ್ನಲ್ಲ," ಎನ್ನುತ್ತ ಅವರು ಅಂಗಡಿಯ ಬಾಗಿಲು ತೆರೆಯುತ್ತಾರೆ. "'ಇದು ಮೇಲಿನ ಬುಗ್ಗೆ ಹತ್ರ ಇರೋ ಹೆಣ್ಣು ಬಾತು, ಇದರ ಗಂಡನ್ನ ಹೋದ್ವರ್ಷ ನರಿ ತಿಂತು' ಅಂತಾರೆ. ಪಕ್ಕದ್ಮನೆಯವಳ ವಿಷಯ ಹೇಳೋ ಹಾಗೆ. ಹಾಗಂದಾಗ ನಾನು ತೆಗೆದಿದ್ದು ಸರಿಯಾಗಿದೆ ಅಂತ ಗೊತ್ತಾಗುತ್ತೆ."